ನೀರು ಕುಡಿಯದ ಸಾಲು

"ಏನಮ್ಮಾ, ಹೊಟ್ಟೆಯೊಳಗಿನ ನಲ್ಲಿ ಕೆಟ್ಟಿದೆಯಾ? ಪ್ಲಂಬರ್ ಕರೆಸ್ಲಾ?"

ಸೂಪರ್‌ವೈಸರ್ ಇಡೀ ಗಾರ್ಮೆಂಟ್ಸ್ ಹಾಲಿಗೆ ಕೇಳುವಂತೆ ಕೂಗಿದ. ಬಚ್ಚಲಿಗೆಂದು ಎದ್ದಿದ್ದ ಅಕ್ಕ ಮತ್ತೆ ಮಷೀನಿನ ಮುಂದೆ ಕೂತಳು. ಕೆಲವರು ಕಿಸಕ್ಕೆಂದರು. ಇಸ್ತ್ರಿ ಮೇಜಿನ ಬಳಿಯಿದ್ದ ಅವಳ ತಮ್ಮ ನಗಲಿಲ್ಲ, ತಲೆ ತಗ್ಗಿಸಿ ಇಸ್ತ್ರಿ ಮಾಡುತ್ತಲೇ ನಿಂತ.

ಅಂದಿನಿಂದ ಅಕ್ಕ ಕೆಲಸದ ಹೊತ್ತಿನಲ್ಲಿ ನೀರು ಮುಟ್ಟಲಿಲ್ಲ. ಅಂಗಿಗಳಿಗೆ ಕಾಲರ್ ಹೊಲಿಯುವ ಅವಳ ಸಾಲಿನ ಹೆಂಗಸರೆಲ್ಲ ಹಾಗೆಯೇ. ತಂದ ಬಾಟಲಿಯನ್ನು ತುಂಬಿದಂತೆಯೇ ಮನೆಗೆ ಒಯ್ಯುತ್ತಿದ್ದರು. ಅಕ್ಕನಿಗೆ ಉರಿಮೂತ್ರ ಶುರುವಾಯಿತು. ವಾಸಿಯಾಗುವುದು, ಮತ್ತೆ ಮರುಕಳಿಸುವುದು. ಡಾಕ್ಟರು ದಿನಕ್ಕೊಂದು ಆ್ಯಂಟಿಬಯಾಟಿಕ್ ಮಾತ್ರೆ ಬರೆದು, ಕೆಲವು ತಿಂಗಳು ಬಿಟ್ಟು ಬಂದು ತೋರಿಸಲು ಹೇಳಿದರು. ಉರಿ ನಿಂತಿತು. ಅಕ್ಕ ತೋರಿಸಲು ಹೋಗಲೇ ಇಲ್ಲ. ರಜೆ ಕೇಳಿದರೆ ಇನ್ನೊಂದು ಮಾತು ಅನ್ನಿಸಿಕೊಳ್ಳಬೇಕಲ್ಲ! ಖಾಲಿ ಸ್ಟ್ರಿಪ್ ತೋರಿಸಿದರೆ ಔಷಧಿ ಅಂಗಡಿಯವನು ಡಾಕ್ಟರ ಚೀಟಿ ಕೇಳದೆ ಹೊಸದು ಕೊಡುತ್ತಿದ್ದ. ವರ್ಷಗಳೇ ಕಳೆದವು.

"ಇದೊಂದಿದ್ರೆ ನೀರೂ ಬೇಡ, ಬಚ್ಚಲೂ ಬೇಡ ಕಣೋ," ಎಂದು ನಗುತ್ತಿದ್ದಳು.

ಒಣಕೆಮ್ಮು ಬಂದಾಗ ಬಟ್ಟೆಯ ಧೂಳು ಎಂದುಕೊಂಡರು. ಮೆಟ್ಟಿಲು ಹತ್ತಿದರೆ ಏದುಸಿರು ಬಂದಾಗ ವಯಸ್ಸು ಎಂದರು. ನಲವತ್ತು ತುಂಬದವಳಿಗೆ ಎಂಥ ವಯಸ್ಸು! ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಎದೆಯ ಸ್ಕ್ಯಾನ್ ನೋಡಿ, ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿದರು.

"ಇದನ್ನ ಇವತ್ತೇ ನಿಲ್ಲಿಸಿ. ವರ್ಷಗಟ್ಟಲೆ ನುಂಗಿದ್ರೆ ಕೆಲವರ ಶ್ವಾಸಕೋಶಕ್ಕೇ ಪೆಟ್ಟು ಬೀಳತ್ತೆ, ನಿಮಗೂ ಹಾಗೇ ಆಗಿದೆ. ಊತ ಇಳೀಬಹುದು. ಗಾಯವಾಗಿ ಗಟ್ಟಿಯಾಗಿರೋ ಭಾಗ ಮಾತ್ರ ಮೊದಲಿನ ಹಾಗೆ ಆಗಲ್ಲಮ್ಮಾ."

"ಉರಿ ವಾಪಸ್ ಬಂದ್ರೆ?"

"ನೀರು ಕುಡೀರಿ. ತಡೆದಿಟ್ಕೋಬೇಡಿ."

"ಅದನ್ನೇ ಒಂದು ಚೀಟೀಲಿ ಬರ್ಕೊಡಿ ಮೇಡಂ, ನಮ್ಮ ಸೂಪರ್‌ವೈಸರ್‌ಗೆ," ಎಂದಳು ಅಕ್ಕ. ನಗಲು ಹೋದವಳು ಕೆಮ್ಮಿ ಕೆಮ್ಮಿ ಗೋಡೆ ಹಿಡಿದಳು.

ಮರುದಿನ, ಸುದ್ದಿ ಇಡೀ ಹಾಲಿಗೆ ಹಬ್ಬಿದ ಮೇಲೆ, ಸೂಪರ್‌ವೈಸರ್ ತಮ್ಮನ ಇಸ್ತ್ರಿ ಮೇಜಿನ ಹತ್ತಿರ ಬಂದ.

"ನನ್ನ ಯಾಕಯ್ಯಾ ಹಾಗೆ ದುರುಗುಟ್ಕೊಂಡು ನೋಡ್ತೀಯಾ? ಒಬ್ಬಳು ಎದ್ರೆ ಇಡೀ ಸಾಲು ನಿಲ್ಲತ್ತೆ. ಮೇಲಿನವರು ನನ್ನ ಚರ್ಮ ಸುಲೀತಾರೆ. ಮಾತ್ರೇನ ನಾನು ಅವಳ ಬಾಯಿಗೆ ತುರುಕಿದ್ನಾ?"

"ಇಲ್ಲ ಸಾರ್. ನೀರು ಕುಡಿಯೋ ಬಾಯಿ ಹೊಲಿದ್ರಿ. ನಾನೂ ಇಲ್ಲೇ ಕಂಬದ ಹಾಗೆ ನಿಂತಿದ್ದೆ."

ಸೂಪರ್‌ವೈಸರ್ ದನಿ ತಗ್ಗಿಸಿ ಅವನ ಹೆಗಲ ಮೇಲೆ ಕೈಯಿಟ್ಟ.

"ಆದದ್ದಾಯ್ತು ಬಿಡು. ನಿಮ್ಮಕ್ಕ ಇನ್ನು ಕೆಲಸಕ್ಕೆ ಬರೋ ಹಾಗಿಲ್ಲ, ಅವಳ ಮಷೀನು ಖಾಲಿ ಇದೆ. ನಿನ್ನ ಹೆಂಡ್ತಿಗೂ ಹೊಲಿಗೆ ಬರತ್ತಂತಲ್ಲ, ನಾಳೆಯಿಂದ ಕಳಿಸು. ಚಿಕ್ಕ ವಯಸ್ಸು, ತಡ್ಕೋತಾಳೆ."

ಇಸ್ತ್ರಿಪೆಟ್ಟಿಗೆಯ ಸ್ವಿಚ್ಚನ್ನು ತಮ್ಮ ಆರಿಸಿದ. ಆ ಕೈಯನ್ನು ಹೆಗಲಿಂದ ಕೆಳಗಿಳಿಸಿದ.

"ಏಯ್, ನಿನ್ನನ್ನೇ ಕೇಳ್ತಿರೋದು! ಕಳಿಸ್ತೀಯೋ ಇಲ್ವೋ?"

ಮಷೀನುಗಳು ಒಂದೊಂದಾಗಿ ಸದ್ದು ನಿಲ್ಲಿಸಿದವು. ಅವನು ಸಾಲುಗಳ ನಡುವೆ ಬಾಗಿಲಿನತ್ತ ನಡೆದುಹೋದ.