ಶೇಕಡಾ ಹದಿನೈದು

ಆಫೀಸಿನಲ್ಲಿ ಬೆನ್ನ ಹಿಂದೆ ಎಲ್ಲರೂ ಅವಳನ್ನು ಬುಗುರಿ ಎನ್ನುತ್ತಿದ್ದರು, ಎದುರಿಗೆ ಮೇಡಂ. ಆರು ದೇಶಗಳ ದುಡ್ಡಿನಲ್ಲಿ ನಡೆಯುವ ಯೋಜನೆಗೆ ಅವಳು ಮುಖ್ಯಸ್ಥೆ. ಹೊರದೇಶಕ್ಕೆ ಬಟ್ಟೆ ಹೊಲಿದು ಕಳಿಸುವ ಕಾರ್ಖಾನೆಗಳ ವ್ಯಾಪಾರವೂ ಬೆಳೆಯಬೇಕು, ಅಲ್ಲಿ ದುಡಿಯುವವರಿಗೆ ಮನುಷ್ಯರಂತೆ ದುಡಿಯುವ ಕೆಲಸವೂ ಸಿಗಬೇಕು ಎಂಬುದು ಅದರ ಗುರಿ. ಹೇಳಲಿಕ್ಕೆ ಎಷ್ಟು ಚೆಂದ. ಮಾಡಲು ಹೊರಟವಳು ಮಾತ್ರ ಮೂರು ವರ್ಷದಿಂದ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಳು. ಫೋನು ಬಂದರೆ ಉದ್ದಕ್ಕೂ ನಡೆದಾಡುವಳು, ಊಟದ ಡಬ್ಬಿಯನ್ನು ಕಿಟಕಿಯ ಬಳಿ ನಿಂತೇ ಖಾಲಿ ಮಾಡುವಳು, ಎದುರಿನವರು ಆರಂಭಿಸಿದ ಮಾತನ್ನು ತಾನೇ ಮುಗಿಸಿಬಿಡುವಳು.

ಈಗಂತೂ ಕೇಳುವುದೇ ಬೇಡ. ನಾಡಿದ್ದು ದುಡ್ಡು ಕೊಡುವವರ ತಂಡ ಬರುವುದಿತ್ತು. ಅವರ ಮನಸ್ಸಿಗೆ ಬಂದರೆ ಯೋಜನೆಗೆ ಇನ್ನೂ ನಾಲ್ಕು ವರ್ಷ ಆಯುಸ್ಸು, ಇನ್ನೂ ಒಂಬತ್ತು ಕಾರ್ಖಾನೆ. ಬರದಿದ್ದರೆ ಹನ್ನೊಂದು ವಾರದಲ್ಲಿ ಬಾಗಿಲು ಹಾಕಿ ಆಫೀಸಿನ ಹದಿನೆಂಟು ಜನ ಮನೆಗೆ ಹೋಗುವುದು. ಅವರಿಗೆ ತೋರಿಸಲು ಬುಗುರಿ ಆರಿಸಿದ್ದು ಒಂದು ಶರ್ಟ್ ಕಾರ್ಖಾನೆಯ ಚೆಕಿಂಗ್ ವಿಭಾಗ. ಹೊಲಿದು ಬಂದ ಶರ್ಟನ್ನು ಮೇಜಿನ ಮೇಲೆ ಹರವಿ, ಕಲೆ ಹುಡುಕಿ, ಎದ್ದ ದಾರ ಕತ್ತರಿಸಿ ಮುಂದಕ್ಕೆ ದಾಟಿಸುವ ನಲವತ್ತು ಹೆಂಗಸರು ಅಲ್ಲಿ ದಿನವಿಡೀ ನಿಂತೇ ಇರುತ್ತಿದ್ದರು. ಆರು ತಿಂಗಳ ಹಿಂದೆ ಯೋಜನೆ ಅವರಿಗೆ ನಲವತ್ತು ಕುರ್ಚಿ ಕೊಡಿಸಿತ್ತು. ವರದಿಯ ಮುಖಪುಟದಲ್ಲಿ ಆ ಕುರ್ಚಿಗಳದ್ದೇ ಫೋಟೋ.

ಒಂದು ಸಲ ಕಣ್ಣಾಡಿಸಿ ಬರೋಣವೆಂದು ಹೇಳದೆ ಕೇಳದೆ ಹೋದಳು. ನಲವತ್ತು ಹೆಂಗಸರೂ ನಿಂತಿದ್ದರು. ಕುರ್ಚಿಗಳನ್ನು ಗೋಡೆಯ ಪಕ್ಕ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಕೆಲವುಗಳ ಪ್ಲಾಸ್ಟಿಕ್ ಹಾಳೆ ಕೂಡ ಬಿಚ್ಚಿರಲಿಲ್ಲ.

"ಅವ್ರಿಗೇ ಬೇಡ್ವಂತೆ ಮೇಡಂ," ಎಂದು ಸೂಪರ್‌ವೈಸರ್ ತಲೆ ಕೆರೆದುಕೊಂಡ. "ನಾಡಿದ್ದು ಎಲ್ರನ್ನೂ ಕೂರಿಸ್ತೀನಿ ಬಿಡಿ. ನೀವು ಟೆನ್ಶನ್ ಮಾಡ್ಕೋಬೇಡಿ."

ಬುಗುರಿಗೆ ಮೈಯೆಲ್ಲ ಉರಿಯಿತು. ಸುಳ್ಳೇಕೆ, ಮೊದಲು ಸಿಟ್ಟು ಬಂದದ್ದು ಆ ಹೆಂಗಸರ ಮೇಲೆಯೇ. ಕುರ್ಚಿಗಾಗಿ ತಾನು ಎಷ್ಟು ಬಾಗಿಲು ತಟ್ಟಿದ್ದೇನೆ, ಇವರಿಗೆ ಕೂರಲಿಕ್ಕೂ ಕಷ್ಟವೇ? ಕೊನೆಯ ಮೇಜಿನಲ್ಲಿ ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಹಿರಿಯ ಹೆಂಗಸಿನ ಬಳಿ ಹೋಗಿ ನಿಂತಳು.

"ಯಾಕಮ್ಮಾ, ಕುರ್ಚಿ ಚೆನ್ನಾಗಿಲ್ವಾ?"

"ಕುರ್ಚಿಗೇನು ಮೇಡಂ, ಲಕ್ಷಣವಾಗಿದೆ," ಎಂದಳು ಕನ್ನಡಕದಾಕೆ, ಕೈ ನಿಲ್ಲಿಸದೆ. "ಆ ಗೋಡೆ ಮೇಲೆ ಅಂಟ್ಸಿದಾರಲ್ಲ, ಅದನ್ನ ಒಂದ್ಸಲ ಓದಿ."

ಗೋಡೆಯ ಮೇಲೆ ಸೂಚನೆಯೊಂದಿತ್ತು. "ಆಸನ ವ್ಯವಸ್ಥೆಯಿಂದ ಉತ್ಪಾದನೆ ಶೇಕಡಾ ಹದಿನೈದು ಹೆಚ್ಚುತ್ತದೆ. ಆದ್ದರಿಂದ ಇನ್ನು ಮುಂದೆ ಪ್ರತಿಯೊಬ್ಬರ ಟಾರ್ಗೆಟ್ ಗಂಟೆಗೆ ಅರವತ್ತರ ಬದಲು ಅರವತ್ತೊಂಬತ್ತು ಶರ್ಟ್." ಎರಡನೆಯ ವಾಕ್ಯ ಕಾರ್ಖಾನೆಯದು. ಮೊದಲನೆಯದು ಅಕ್ಷರ ಅಕ್ಷರವೂ ಬುಗುರಿಯದು.

"ಕೂತ್ರೆ ಶರ್ಟಿನ ಪ್ರತಿ ಕಟ್ಟು ತರೋಕೂ ಎದ್ದು ಎದ್ದು ಹೋಗ್ಬೇಕು," ಎಂದಳು ಕನ್ನಡಕದಾಕೆ. "ನಿಂತಿದ್ರೆ ಸೊಂಟ ತಿರುಗಿಸಿದ್ರೆ ಆಯ್ತು. ಅರವತ್ತೊಂಬತ್ತು ಮುಟ್ಟದವರನ್ನ ಮುಂದಿನ ತಿಂಗಳು ಇಟ್ಕೊಳ್ಳಲ್ಲ ಅಂದಿದಾರೆ. ಈಗ ನೀರು ಕುಡಿಯೋಕೂ ಲೆಕ್ಕ ಹಾಕ್ತೀವಿ."

ಬುಗುರಿ ಮೆಟ್ಟಿಲು ಹಾರುತ್ತ ಮಾಲೀಕನ ಕೋಣೆಗೆ ಹೋದಳು. ಮಾಲೀಕ ಮರ್ಯಾದಸ್ಥ, ಬೈಯಲೂ ಆಗದಷ್ಟು ಮರ್ಯಾದಸ್ಥ. ಡ್ರಾಯರಿನಿಂದ ಅವಳೇ ಹಿಂದೆ ಕೊಟ್ಟಿದ್ದ ಹಾಳೆಯೊಂದನ್ನು ತೆಗೆದು ಅವಳ ಮುಂದಿಟ್ಟ.

"ನಾನೇನು ನನ್ನ ತಲೆಯಿಂದ ಹುಟ್ಟಿಸಿದ್ದಲ್ಲ ಮೇಡಂ. ಕುರ್ಚಿಗೆ ಜಾಗ ಬಿಡಲ್ಲ ಅಂದಾಗ ನೀವೇ ಅಲ್ವಾ ಪರದೆ ಮೇಲೆ ತೋರಿಸಿದ್ದು? ನಿಮ್ಮನ್ನ ನಂಬಿ, ಅಷ್ಟು ಹೆಚ್ಚು ಮಾಲು ಕೊಡ್ತೀನಿ ಅಂತ ಖರೀದಿದಾರರಿಗೆ ಮಾತು ಕೊಟ್ಟುಬಿಟ್ಟೆ."

"ಕಡಿಮೆ ಮಾಡಿ ಇವರೇ. ಅವರಿಂದ ಆಗಲ್ಲ."

"ಮಾಡ್ತೀನಿ. ಆ ಹದಿನೈದು ತಪ್ಪು ಅಂತ ಬರೆದು ಸಹಿ ಹಾಕಿಕೊಡಿ, ಖರೀದಿದಾರರಿಗೆ ತೋರಿಸ್ತೀನಿ. ನನ್ನ ಮಾತು ಅವರು ಕೇಳಲ್ಲ, ನಿಮ್ಮ ಕಾಗದ ಕೇಳ್ತಾರೆ."

ಅವನು ಕಿಚಾಯಿಸುತ್ತಿರಲಿಲ್ಲ, ಅದೇ ಕಷ್ಟ. ಆ ಹದಿನೈದು ಮುಂದಿನ ನಾಲ್ಕು ವರ್ಷದ ಪ್ರಸ್ತಾವನೆಯ ಮೊದಲ ಪುಟದಲ್ಲೇ ಇತ್ತು. ಒಳ್ಳೆಯ ಕೆಲಸ ಕೊಟ್ಟರೆ ವ್ಯಾಪಾರಕ್ಕೂ ಲಾಭವೆಂದು ಅವಳು ಕಟ್ಟಿದ ಮನೆಯೆಲ್ಲ ಅದರ ಮೇಲೇ ನಿಂತಿತ್ತು.

ಸಂಜೆ ಮನೆಯಲ್ಲಿ ಅಕ್ಕ ಕಾಲುಗಳನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದಳು. ಅವಳೂ ಇಪ್ಪತ್ತೆರಡು ವರ್ಷ ಇಂಥದ್ದೇ ಮೇಜಿನ ಮುಂದೆ ನಿಂತವಳು. ತಂಗಿ ಓದಿ ದೊಡ್ಡವಳಾದದ್ದು ಆ ನಿಂತ ಕಾಲಿನ ಮೇಲೆ. ಬುಗುರಿ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತ ಎಲ್ಲವನ್ನೂ ಹೇಳಿದಳು. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಆ ಹದಿನೈದು ಎಲ್ಲಿಂದ ತಂದೆ?"

"ಬೇರೆ ದೇಶದ ಒಂದು ವರದಿಯಿಂದ. ಅಲ್ಲಿ ಮೇಜು, ದೀಪ ಎಲ್ಲ ಬದಲಾಯ್ಸಿ, ಕಟ್ಟು ತಂದುಕೊಡೋಕೂ ಜನ ಇಟ್ಟಿದ್ರು. ನಾನು ಕುರ್ಚಿ ಕೊಟ್ಟೆ, ಸಂಖ್ಯೆ ಮಾತ್ರ ಹಾಗೇ ಎತ್ಕೊಂಡು ಬಂದೆ. ಅವನನ್ನ ಒಪ್ಪಿಸ್ಬೇಕಿತ್ತಲ್ಲಕ್ಕ."

"ಆ ಕನ್ನಡಕದವಳ ಕಾಲು ನೋಡಿದ್ಯಾ?"

"ಇಲ್ಲ."

"ನೋಡು," ಎಂದಳು ಅಕ್ಕ. ಅದಕ್ಕಿಂತ ಹೆಚ್ಚು ಹೇಳಲಿಲ್ಲ. ಹೇಳಿದ್ದರೆ ಬುಗುರಿ ಜಗಳವಾಡಿ ಹಗುರಾಗುತ್ತಿದ್ದಳು. ಮರುದಿನವಿಡೀ ಅವಳಿಗೆ ಯಾವ ಕೆಲಸವೂ ಕೈಗೆ ಹತ್ತಲಿಲ್ಲ. ಮಾಲೀಕ ಕೇಳಿದ ಕಾಗದವನ್ನು ಟೈಪು ಮಾಡಿದಳು, ಹರಿದಳು, ಮತ್ತೆ ಮಾಡಿದಳು, ಸಹಿ ಹಾಕದೆ ಚೀಲಕ್ಕೆ ತುರುಕಿದಳು.

ತಂಡ ಬಂದಾಗ ನಲವತ್ತು ಹೆಂಗಸರೂ ಕುರ್ಚಿಯ ಮೇಲಿದ್ದರು. ಗೋಡೆಯ ಸೂಚನೆ ಮಾಯವಾಗಿ ನಾಲ್ಕು ಮೂಲೆಯ ಟೇಪಷ್ಟೇ ಉಳಿದಿತ್ತು. ತಂಡದ ಹಿರಿಯಾಕೆ ಮುಖ ಅರಳಿಸಿ, ಇದನ್ನೇ ನೋಡಲು ಬಂದದ್ದು ಎಂದಳು. ಸೂಪರ್‌ವೈಸರ್ ಮದುವೆಮನೆಯ ಹಿರಿಯನಂತೆ ಕೈಕಟ್ಟಿ ನಿಂತಿದ್ದ. ಹೆಂಗಸರು ಒಂದೊಂದು ಕಟ್ಟಿಗೂ ಅರ್ಧ ಏಳುತ್ತಿದ್ದರು, ಮತ್ತೆ ಕೂರುತ್ತಿದ್ದರು, ಕಣ್ಣು ಮಾತ್ರ ಗಡಿಯಾರದ ಮೇಲಿತ್ತು. ಹೀಗೆ ಕೂತು ಹಿಂದೆ ಬಿದ್ದ ಲೆಕ್ಕ ಯಾರ ತಲೆಗೆ ಬರುತ್ತದೆಂದು ಬುಗುರಿಗೆ ಈಗ ಗೊತ್ತಿತ್ತು.

ಅವಳು ಬಗ್ಗಿ ಮೇಜಿನಡಿ ನೋಡಿದಳು. ಕನ್ನಡಕದಾಕೆ ಚಪ್ಪಲಿ ಬಿಟ್ಟಿದ್ದಳು. ಪಾದಗಳು ಚಪ್ಪಲಿಗೆ ಹಿಡಿಸದಷ್ಟು ಊದಿದ್ದವು, ನರಗಳು ಹೆಣೆದುಕೊಂಡು ನೀಲಿಗಟ್ಟಿದ್ದವು. ಮನೆಯಲ್ಲಿ ದಿನಾ ಕಾಣುವ ಕಾಲುಗಳೇ. ಬುಗುರಿಗೆ ನಾಚಿಕೆಯಾಯಿತು, ಅಳು ಬರುವಷ್ಟು ನಾಚಿಕೆ.

"ಸ್ವಲ್ಪ ಜಾಗ ಕೊಡ್ತೀರಾ?" ಎಂದಳು. ಕನ್ನಡಕದಾಕೆ ಶರ್ಟು ಸರಿಸಿದಳು. ಬುಗುರಿ ಕಾಗದ ಹರವಿ ಸಹಿ ಹಾಕಿ, ತಂಡದ ಜೊತೆಗಿದ್ದ ಮಾಲೀಕನ ಕೈಗೆ ಎಲ್ಲರೆದುರು ಇಟ್ಟಳು.

ಏನದು ಎಂದು ಹಿರಿಯಾಕೆ ಕೇಳಿದಳು.

"ನಮ್ಮ ತಪ್ಪು," ಎಂದಳು ಬುಗುರಿ. "ಕುರ್ಚಿಯಿಂದ ಹದಿನೈದು ಹೆಚ್ಚುತ್ತೆ ಅಂತ ನಾನು ಬರೆದಿದ್ದು ನಿಜವಲ್ಲ. ನಿಮ್ಮ ಕೈಲಿರೋ ಪ್ರಸ್ತಾವನೆಯಲ್ಲೂ ಅದೇ ಇದೆ. ಅದನ್ನ ನಂಬಿ ಇವರ ಕೆಲಸ ಹೆಚ್ಚಿಸಿದಾರೆ. ನೀವು ಹೋದ ತಕ್ಷಣ ಇವರು ಎದ್ದು ನಿಲ್ತಾರೆ."

ಹಿರಿಯಾಕೆ ಫೈಲು ಮುಚ್ಚಿದಳು. ಒಂದು ಗಂಟೆಯ ಭೇಟಿ ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಕಾರು ಹತ್ತುವಾಗ, ನಿಮ್ಮ ಪ್ರಾಮಾಣಿಕತೆ ಮೆಚ್ಚಿದೆವು, ಉಳಿದದ್ದನ್ನು ಬರೆದು ತಿಳಿಸುತ್ತೇವೆ ಎಂದಳು. ಹಾಗೆಂದರೆ ಏನೆಂದು ಈ ಕೆಲಸದಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಾಗಿಲು ಹಾಕುವ ಸುದ್ದಿಯನ್ನು ಹದಿನೆಂಟು ಜನರಿಗೆ ಹೇಳುವ ಕೆಲಸ ಅವಳಿಗೇ ಉಳಿಯಿತು.

ಬುಗುರಿ ಕಾರಿನ ಹಿಂದೆ ಹೋಗದೆ ಒಳಗೆ ಬಂದಳು. ಮಾಲೀಕ ಮಾತಿಗೆ ತಪ್ಪಿರಲಿಲ್ಲ, ಅದಾಗಲೇ ಹೊಸ ಹಾಳೆ ಅಂಟಿಸುತ್ತಿದ್ದರು: ಗಂಟೆಗೆ ಅರವತ್ತು. ಹೆಂಗಸರೆಲ್ಲ ಎದ್ದು ನಿಂತಿದ್ದರು.

"ಅರವತ್ತಾಯ್ತಲ್ಲಮ್ಮಾ. ಇನ್ನು ಕೂತ್ಕೋಬಹುದಲ್ಲ?"

ಕನ್ನಡಕದಾಕೆ ಅವಳನ್ನು ಕನಿಕರದಿಂದ ನೋಡಿದಳು. "ಕೆಲಸ ಉಳೀತು ಮೇಡಂ, ನಿಮ್ಮ ಹೊಟ್ಟೆ ತಣ್ಣಗಿರಲಿ. ಆದ್ರೆ ಆ ಅರವತ್ತೂ ನಿಂತು ಮಾಡಿದ್ರೆ ಮುಟ್ಟೋ ಲೆಕ್ಕಾನೇ ಅಲ್ವಾ."

"ಮತ್ತೆ ಎಷ್ಟಾದ್ರೆ ಕೂತ್ಕೊಂಡು ಮಾಡ್ಬಹುದು?"

ಅಷ್ಟು ಹೊತ್ತು ನಿಲ್ಲದಿದ್ದ ಆ ಕೈಗಳು ನಿಂತವು. ಪಕ್ಕದ ಮೇಜಿನವಳೂ ತಲೆಯೆತ್ತಿದಳು.

"ಅದನ್ನ ನಮ್ಮನ್ನ ಯಾರೂ ಕೇಳೇ ಇರ್ಲಿಲ್ಲ," ಎಂದಳು ಕನ್ನಡಕದಾಕೆ.