ಎರಡು ಹುಣಸೆ ಬೀಜ

ತನ್ವಿಯ ಕೈಗೆ ರಕ್ತದ ನಳಿಗೆ ಹಚ್ಚಿ ನರ್ಸ್ ಆಚೆ ಹೋದಳು. ತಿಂಗಳು ತುಂಬುವುದರೊಳಗೆ ಬೇರೆಯವರ ರಕ್ತ ಏರಿಸದಿದ್ದರೆ ಹುಡುಗಿ ಸೊರಗಿಬಿಡುತ್ತಾಳೆ. ಅಪ್ಪನಿಂದೊಂದು, ಅಮ್ಮನಿಂದೊಂದು ದೋಷ ಕೂಡಿಬಂದ ಥಲಸೇಮಿಯಾ. ಪಕ್ಕದಲ್ಲಿ ಕೂತ ಅಮ್ಮ ನೀಲಾಳ ಹೊಟ್ಟೆಯಲ್ಲಿ ಈಗ ಎರಡನೆಯದು. ಅದಕ್ಕೂ ಹೀಗೇ ಇದೆಯೇ ಎಂದು ತಿಳಿಯಲು ಹೊಟ್ಟೆಗೆ ಸೂಜಿ ಹಾಕಿ ನೋಡಬೇಕು, ನಾಳೆಯೇ ಬನ್ನಿ ಎಂದಿದ್ದರು ಡಾಕ್ಟರು.

"ಬ್ಯಾಡ ಬಿಡು," ಎಂದ ಗಂಡ ಹಾಲೇಶ. ಸಂಶೋಧನಾ ಸಂಸ್ಥೆಯಲ್ಲಿ ಯಾವ ಯಂತ್ರ ಯಾವಾಗ ಕೈಕೊಡಬಹುದೆಂದು ಲೆಕ್ಕ ಹಾಕುವುದೇ ಅವನ ಕೆಲಸ. "ನಾಲ್ಕಕ್ಕ ಒಂದು ಮಗೂಗೆ ಬರತೈತಿ ಅಂತ ಡಾಕ್ಟರೇ ಹೇಳ್ಯಾರ. ಆ ಒಂದು ನಮ್ಮ ಪಾಲಿಗೆ ಬಂದು ಹೋತಲ್ಲ? ಇನ್ನು ಮೂರು ಗಟ್ಟಿ."

ದಾವಣಗೆರೆಯಿಂದ ಅತ್ತೆಯೂ ಫೋನಿನಲ್ಲಿ ಇದನ್ನೇ ಅಂದಿದ್ದರು: "ಕೇಡು ಅದೇ ಬಾಗ್ಲು ಎರಡು ಸಲ ಬಡಿಯಂಗಿಲ್ಲವ್ವ." ನೀಲಾಗೂ ನಂಬುವ ಆಸೆ. ಸೂಜಿಯ ಭಯವಾದರೂ ತಪ್ಪುತ್ತಿತ್ತು.

"ಮಮ್ಮಿ, ಚೌಕಾಬಾರಾ ಖೇಲೋಣ," ಎಂದಳು ತನ್ವಿ. ಮಣಿನಗರದಲ್ಲೇ ಹುಟ್ಟಿ ಬೆಳೆದವಳ ಹಿಂದಿ, ಗುಜರಾತಿ ಬೆರೆತ ಕನ್ನಡ ಅದು.

ನೀಲಾ ಚೀಲದಿಂದ ಮನೆ ಬರೆದ ರಟ್ಟು ತೆಗೆದಳು. ಜೊತೆಗೆ ಇಬ್ಭಾಗ ಮಾಡಿದ ಹುಣಸೆ ಬೀಜ. ಒಂದು ಬದಿ ಕಪ್ಪು, ಇನ್ನೊಂದು ಬದಿ ಬಿಳಿ. ಏನೋ ಹೊಳೆದು ಎರಡನ್ನೇ ಕೈಗೆತ್ತಿಕೊಂಡಳು. ಒಂದು ತನ್ನದು, ಒಂದು ಹಾಲೇಶನದು. ಕಪ್ಪು ಅಂದರೆ ದೋಷ; ಎರಡೂ ಕಪ್ಪಾಗಿ ಬಿದ್ದರೆ ಕಾಯಿಲೆ. ನಾಲ್ಕಕ್ಕೆ ಒಂದು ಅಂದರೆ ಇದೇ ಅಲ್ಲವೇ?

ಎಸೆದಳು. ಎರಡೂ ಕಪ್ಪು. ಇದು ತನ್ವಿ, ಎಂದುಕೊಂಡಳು. ಇನ್ನು ಬೀಳಬಾರದು. ಚೆನ್ನಾಗಿ ಕುಲುಕಿ ಎಸೆದಳು.

ಮತ್ತೆ ಎರಡೂ ಕಪ್ಪು.

"ಅರೇ, ಫಿರ್ ಸೇ ಕಾಲಾ!" ಚಪ್ಪಾಳೆ ತಟ್ಟಹೋದ ತನ್ವಿ ನಳಿಗೆಯ ನೆನಪಾಗಿ ಕೈ ತಡೆದಳು.

ನೀಲಾ ಬೀಜಗಳನ್ನೆತ್ತಿ ಹೊರಳಿಸಿ ನೋಡಿದಳು. ಹಿಂದಿನ ಸಲ ಹೇಗೆ ಬಿದ್ದಿದ್ದೆವೆಂಬ ನೆನಪು ಅವುಗಳಲ್ಲಿ ಎಲ್ಲಿದ್ದೀತು?

"ರೀ, ನಿಮ್ಮ ಆಫೀಸ್‌ನಾಗ ಒಂದು ಪಂಪು ಕೆಟ್ಟಿತು ಅನ್ರಿ. ಪಕ್ಕದ್ದು ಇನ್ನು ಕೆಡಂಗಿಲ್ಲ ಅಂತ ಬರ್ದು ಕೊಡ್ತೀರೇನು?"

"ಹಂಗೆಂಗ ಬರೀಲಿಕ್ಕಾಗತೈತಿ? ಅದರ ಪಾಡು ಅದಕ್ಕ..."

ಹಾಲೇಶ ಹೆಂಡತಿಯ ಹೊಟ್ಟೆಯತ್ತ ನೋಡಿದ, ಮಗಳ ಕೈಗಿಳಿಯುವ ರಕ್ತದತ್ತ ನೋಡಿದ. ಬಾಗಿ ಅವಳ ಕೈಯಿಂದ ಎರಡೂ ಬೀಜ ತೆಗೆದುಕೊಂಡ.

"ನಾಳೆ ಎಷ್ಟೊತ್ತಿಗೆ ಕರೆದಾರ?"

"ಒಂಬತ್ತಕ್ಕ."

"ರಜಾ ಹಾಕ್ತೀನಿ."

ಇಷ್ಟು ದಿನ ಅವಳೊಬ್ಬಳೇ ಹೆದರುತ್ತಿದ್ದಳು. ಈಗ ಅವನೂ ಬೀಜಗಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡ.

"ಪಪ್ಪಾ, ನಾಖೋನೆ! ಹಾಕಿ ಪಪ್ಪಾ!" ತನ್ವಿ ಒಂದೇ ಸಮನೆ ಕಾಡಿದಳು. ಹಾಲೇಶ ಮುಷ್ಟಿ ಬಿಚ್ಚಲಿಲ್ಲ.