ಹಾರಿಸಿದ ಹಾಳೆಗಳು

ಏಳು ಕಡಲಿನಾಚೆ, ಮಂಜು ಮುಸುಕಿದ ಊರೊಂದರಲ್ಲಿ ಒಬ್ಬ ಹಾಡುಗಾರನಿದ್ದನಂತೆ. ಅವನ ಗಿಟಾರು ನುಡಿದರೆ ಹರಿಯುವ ಹೊಳೆಯೂ ನಿಂತು ಕೇಳುತ್ತಿತ್ತಂತೆ. ಅವನ ಕೀರ್ತಿ ಕಂಡು ಹೊಟ್ಟೆಕಿಚ್ಚುಪಟ್ಟ ರಾಕ್ಷಸಿಯೊಬ್ಬಳು ಬೆಳ್ಳನೆಯ ಪುಡಿಯಾಗಿ ಅವನ ಮೂಗಿನೊಳಗೆ ಹೊಕ್ಕಳಂತೆ.

ಹೀಗೆಂದು ಆ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಹೀಗೆ ಹೇಳುತ್ತಿದ್ದವಳು ದಾನೇಶ್ವರಿ. ಪುಸ್ತಕ ಇಂಗ್ಲಿಷಿನದು, ಹೊರದೇಶದ ರಾಕ್ ಗಾಯಕನೊಬ್ಬ ತನ್ನ ಕೀರ್ತಿ, ತನ್ನ ಚಟ ಎರಡನ್ನೂ ಮುಚ್ಚುಮರೆಯಿಲ್ಲದೆ ಬರೆದುಕೊಂಡ ಆತ್ಮಕಥೆ. ಯಾದಗಿರಿ ಕಡೆಯ ಸಗರದ ಮನೆಯ ಕಟ್ಟೆಯ ಮೇಲೆ ಕೂತು ಅದನ್ನು ಸೋದರಮಾವ ಪರಶುರಾಮನಿಗೆ ಅವಳು ಕನ್ನಡದಲ್ಲಿ ಓದಿ ಹೇಳುತ್ತಿದ್ದಳು.

ಪರಶುರಾಮನೂ ಹಾಡುಗಾರನೇ. ರಂಗಂಪೇಟೆಯ ಆರ್ಕೆಸ್ಟ್ರಾದಲ್ಲಿ ಗಿಟಾರು ಹಿಡಿದು ನಿಂತರೆ ಸುರಪುರದಿಂದ ಯಾದಗಿರಿಯವರೆಗೆ ಹೆಸರು. ಆಮೇಲೆ ಕುಡಿತ. ಶಹಾಪುರದ ಒಂದು ಮದುವೆಯಲ್ಲಿ ಸ್ಟೇಜಿನ ಮೇಲೆಯೇ ಬಿದ್ದು ಪ್ಯಾಂಟು ಒದ್ದೆ ಮಾಡಿಕೊಂಡ. ಮೊಬೈಲುಗಳು ಮೇಲೆದ್ದವು. ಊರೂರೇ ನೋಡಿ ನಕ್ಕಿತು. ಈಗ ಕುಡಿಯುವುದನ್ನು ಬಿಟ್ಟಿದ್ದಾನೆ. ಹೊಸ್ತಿಲು ದಾಟುವುದನ್ನೂ ಬಿಟ್ಟಿದ್ದಾನೆ.

ಡ್ರಮ್ ಬಾರಿಸುವ ಅಲ್ತಾಫ್ ಹೈದರಾಬಾದಿನ ಹಳೆ ಅಂಗಡಿಯಿಂದ ಪುಸ್ತಕ ತಂದುಕೊಟ್ಟು, "ಇವನೂ ನಿನ್ನಂಗ ಬಿದ್ದು ಎದ್ದಾನಂತ. ಓದಿಸ್ಕೊ. ಆರ್ಕೆಸ್ಟ್ರಾ ಮತ್ತ ಕಟ್ಟಾಕತ್ತೀವಿ, ಬರ್ತೀಯೋ ಇಲ್ಲೋ ಹೇಳು," ಎಂದಿದ್ದ.

"ಇವ ತಿರುಗಿ ಸ್ಟೇಜ್ ಹೆಂಗ ಹತ್ತಿದ ಅಂತ ಕೇಳಿ ಹೇಳ್ತೀನಿ," ಎಂದಿದ್ದ ಪರಶುರಾಮ.

ದಾನೇಶ್ವರಿ ಮಾತು ಕೊಟ್ಟಿದ್ದಳು: "ಇದ್ದದ್ದು ಇದ್ದಂಗ ಓದ್ತೀನಿ ಮಾಮಾ, ಒಂದಕ್ಷರ ಬಿಡಂಗಿಲ್ಲ."

ಆದರೆ ಪಕ್ಕದಲ್ಲಿ ಆಯಿ ಮರಿಲಿಂಗಮ್ಮ, ಪರಶುರಾಮನ ತಾಯಿ, ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿರುತ್ತಿದ್ದಳು. ಕಥೆ ಕೇಳುವವರು ಹೂಂ ಅನ್ನುತ್ತಿರಬೇಕು, ಹೂಂ ನಿಂತಲ್ಲಿ ಕಥೆಯೂ ನಿಲ್ಲಬೇಕು. ಅದು ಆಯಿಯೇ ಹಾಕಿಕೊಟ್ಟ ಕಟ್ಟಳೆ.

ಗಾಯಕ ಸ್ಟೇಜಿನ ಮೇಲೆ ಉಚ್ಚೆ ಹೊಯ್ದುಕೊಂಡ ಅಧ್ಯಾಯ ಬಂತು. ದಾನೇಶ್ವರಿಯ ಕಿವಿ ಬಿಸಿಯಾದವು. ಮಾವನ ಮುಂದೆ, ಅವನನ್ನು ಹೆತ್ತವಳ ಮುಂದೆ ಇದನ್ನು ಓದುವುದು ಹೇಗೆ? ಹಾಳೆಗಳನ್ನು ಒಟ್ಟಿಗೇ ಮಗುಚಿದಳು.

"ರಾಕ್ಷಸಿ ಮಾಯಾ ಮಾಡಿ ಅವನ್ನ ಮಲಗಿಸಿಬಿಟ್ಲು. ಎಚ್ಚರಾದಾಗ ಮಂದಿ ಚಪ್ಪಾಳಿ ಹೊಡಿಯಾಕತ್ತಿದ್ರು..."

ಪರಶುರಾಮ ಹೂಂ ಅನ್ನಲಿಲ್ಲ.

"ಮಾಮಾ?"

"ಎಲ್ಲಾ ರಾಕ್ಷಸಿನಽ ಮಾಡಿದ್ಲಾ? ಅವ ಬೀಳಲೇ ಇಲ್ಲೇನು?" ಅವನು ಎದ್ದುನಿಂತ. "ನನ್ನ ಬಾಯಾಗ ಯಾರೂ ಸುರುವಲಿಲ್ಲ ದಾನಮ್ಮ. ನಾನಽ ಕುಡಿದೆ. ಹೋಗ್ಲಿ ಬಿಡು. ಬರಂಗಿಲ್ಲ ಅಂತ ಅಲ್ತಾಫಗ ಫೋನ್ ಮಾಡ್ತೀನಿ."

ಆಯಿಯಾದರೂ ಹೂಂ ಅಂದಾಳೆಂದು ದಾನೇಶ್ವರಿ ಆ ಕಡೆ ನೋಡಿದಳು. ಮೊರ ನಿಂತಿತ್ತು.

"ಎಷ್ಟು ಹಾಳಿ ಹಾರಿಸಿದಿ?"

"ಆಯಿ, ಅದು ನಿನ್ನ ಮುಂದ ಓದೋವಂಥದ್ದಲ್ಲ."

"ಯಾಕ? ಶಹಾಪುರದಿಂದ ಬಂದ ಪ್ಯಾಂಟು ಒಗದಾಕಿ ಯಾರು, ನಿನ್ನ ರಾಕ್ಷಸಿಯೇನು? ಒಂದಿಡೀ ಸಬಕಾರ ಸವದು ಹೋತು!"

ಪರಶುರಾಮ ತಲೆ ತಗ್ಗಿಸಿದ. ತಗ್ಗಿಸಿದಲ್ಲೇ ಅವನ ಹೆಗಲು ಕುಲುಕಿತು. ನಗುತ್ತಿದ್ದನೋ ಅಳುತ್ತಿದ್ದನೋ ತಿಳಿಯಲಿಲ್ಲ.

ದಾನೇಶ್ವರಿಗೆ ಮುಖ ಎತ್ತಲಾಗಲಿಲ್ಲ. ಇವರಿಬ್ಬರ ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಯಾದಗಿರಿಯ ಕಾಲೇಜಿನಲ್ಲಿ ಆ ವಿಡಿಯೋ ಹರಿದಾಡಿದಾಗ, ಇವನು ನಮ್ಮ ಮಾವ ಅನ್ನಲಾರದೆ ಕಿಟಕಿಯತ್ತ ತಿರುಗಿದ್ದಳು. ಈಗ ಹಾಳೆ ಹಾರಿಸಿದಾಗಲೂ ಹಾಗೆಯೇ ತಿರುಗಿದ್ದಳು.

"ಕೂಡ್ರು ಮಾಮಾ," ಎಂದಳು. ಹಾಳೆಗಳನ್ನು ಹಿಂದಕ್ಕೆ ಮಗುಚಿದಳು.

ಈ ಸಲ 'ಇದ್ದನಂತೆ' ಇರಲಿಲ್ಲ. "ನಾನೇ ಪುಡಿ ಎಳೆದೆ. ನಾನೇ ಬಿದ್ದೆ. ಮರುದಿನ, ನನಗೆ ಜ್ವರ ಬಂದಿತ್ತೆಂದು ನನ್ನವ್ವನಿಗೆ ಸುಳ್ಳು ಹೇಳಿದೆ." ಉಚ್ಚೆ ಎಂಬಲ್ಲಿ ನಾಲಿಗೆ ತಡವರಿಸಿತು.

"ಹೂಂ," ಎಂದಳು ಆಯಿ, ಗಟ್ಟಿಯಾಗಿ.

ಮತ್ತೆ ಸ್ಟೇಜು ಹತ್ತಿದ ಅಧ್ಯಾಯವೂ ಬಂತು. "ಮುಂದಿನ ಸಾಲಿನವನೊಬ್ಬ ನಾನು ಬಿದ್ದದ್ದನ್ನು ಅಣಕಿಸಿ ತೋರಿಸಿದ. ಆದರೂ ಹಾಡಿದೆ. ಚೆನ್ನಾಗಿ ಹಾಡಲಿಲ್ಲ."

"ಚಲೋ ಹಾಡಲಿಲ್ಲಂತ?"

"ಇಲ್ಲಂತ ಮಾಮಾ."

"ಹೂಂ," ಎಂದ ಪರಶುರಾಮ. "ನನ್ನ ಗಿಟಾರಿನ ತಂತಿ ಜಂಗು ಹಿಡದಾವ. ಹೊಸಾವು ತಾ ಅಂತ ಅಲ್ತಾಫಗ ಹೇಳ್ಬೇಕು," ಎಂದ. "ಮೊದಲ ಪೂರಾ ಓದು ನೀ."

ಆಯಿ ಮತ್ತೆ ಮೊರ ಎತ್ತಿಕೊಂಡಳು. ದಾನೇಶ್ವರಿ ಓದಿದಳು. ಬಿಸಿಲು ಕಟ್ಟೆಯಿಂದ ಇಳಿದು ಅಂಗಳಕ್ಕೆ ಹೋಯಿತು. ಕೊನೆಯ ಪುಟದ ಕೊನೆಯ ಸಾಲನ್ನೂ, ಒಂದಕ್ಷರ ಬಿಡದೆ, ಓದಿ ಮುಗಿಸಿದಳು.